ಎಂಜಿಬಿಯ ಮುಂದಿನ ಮಡ್‌ಗಾರ್ಡ್ ನೆಗ್ಗಿದರೆ: ಬಡಿದೆತ್ತುವುದೋ, ತುಂಡು ಬೆಸೆಯುವುದೋ, ಹೊಸದನ್ನೇ ಹಾಕುವುದೋ?

ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು ಎಂಜಿಬಿಯ ಹಿಂದಿನ ಮಡ್‌ಗಾರ್ಡ್ ಬಾಡಿಗೆ ಬೆಸೆದುಕೊಂಡಿದೆ. ಮುಂದಿನದು ಬೋಲ್ಟಿನ ಮೇಲೆ ನಿಂತಿದೆ. ಹಾಗಾಗಿ ಮುಂದೆ ಪೆಟ್ಟು ಬಿದ್ದ ಕೂಡಲೇ “ಬಿಚ್ಚಿ ಹೊಸದು ಹಾಕಿಬಿಡಿ” ಎನ್ನುವವರೇ ಹೆಚ್ಚು. ಈ ಸಲಹೆ ಎಲ್ಲ ಸಲವೂ ಸರಿಯಲ್ಲ. ಇಂಗ್ಲೆಂಡಿನ ಅಬಿಂಗ್‌ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಕಾರುಗಳಲ್ಲಿ ಮಡ್‌ಗಾರ್ಡ್, ಬಾಗಿಲು, ಬಾನೆಟ್ ಮೂರೂ ಒಂದಕ್ಕೊಂದು ಕೈಯಿಂದ ಹೊಂದಿಸಿ ಕೂರಿಸಿದವು. ಹಳೆಯ ತಗಡನ್ನು ಎಸೆದರೆ ಆ ಹೊಂದಾಣಿಕೆಯೂ ಅದರ ಜೊತೆಗೇ ಹೋಗುತ್ತದೆ.

ಇಲ್ಲಿ ಹೋಲಿಸುತ್ತಿರುವುದು ಪಾರ್ಕಿಂಗ್‌ನಲ್ಲಿ ಸಾಮಾನ್ಯವಾಗಿ ಆಗುವ ಒಂದೇ ಬಗೆಯ ಪೆಟ್ಟನ್ನು. ಹಿಮ್ಮುಖ ಬಂದ ಗಾಡಿಯ ಬಂಪರ್ ಹೆಡ್‌ಲೈಟಿನ ಹಿಂದೆ, ಚಕ್ರದ ಕಮಾನಿನ ಮೇಲೆ ತಗುಲಿ, ಅಂಗೈಯಗಲ ಗುಳಿ ಬಿದ್ದು, ನಡುವೆ ಒಂದು ಚೂಪಾದ ಮಡಿಕೆ ಮೂಡಿರುತ್ತದೆ. ಗುಳಿಯ ಅಗಲ ನೋಡಿ ತೀರ್ಮಾನಿಸಬೇಡಿ. ತಗಡು ಎಷ್ಟು ಹಿಗ್ಗಿದೆ, ಕಮಾನಿನ ಅಂಚು ಮಡಚಿಕೊಂಡಿದೆಯೇ, ಒಳಗೆ ತುಕ್ಕು ಎಷ್ಟಿದೆ ಎಂಬ ಮೂರು ವಿಷಯಗಳೇ ದಾರಿ ನಿರ್ಧರಿಸುತ್ತವೆ.

ಸುತ್ತಿಗೆ ಮುಟ್ಟುವ ಮೊದಲು ಸಂದುಗಳನ್ನು ಅಳೆಯಿರಿ. ಬಾಗಿಲಿನ ಮುಂದಿನ ಸಂದು ಎಡಬದಿಯಲ್ಲೂ ಬಲಬದಿಯಲ್ಲೂ ಮೇಲಿಂದ ಕೆಳಗಿನವರೆಗೆ ಒಂದೇ ಸಮನಾಗಿದ್ದರೆ ಪೆಟ್ಟು ಹೊರ ತಗಡಿನಲ್ಲೇ ನಿಂತಿದೆ ಎನ್ನಬಹುದು. ಪೆಟ್ಟು ಬಿದ್ದ ಬದಿಯಲ್ಲಿ ಸಂದು ಕಿರಿದಾಗಿದ್ದರೆ ಮಡ್‌ಗಾರ್ಡ್ ಹಿಂದಕ್ಕೆ ಜರುಗಿದೆ. ಬಾನೆಟ್ ಎತ್ತಿ ಒಳಗಿನ ತಗಡಿನ ಮೇಲಂಚು ನೋಡಿ. ಅಲ್ಲಿ ಪೇಂಟ್ ಬಿರುಕು ಬಿಟ್ಟು ಅಲೆಯೆದ್ದಿದ್ದರೆ ಮೊದಲು ಅದನ್ನು ಎಳೆದು ನೇರ ಮಾಡಬೇಕು. ಒಳಗಿನ ಸೊಟ್ಟ ಬಿಟ್ಟು ಹೊರಗೆ ಏನೇ ಮಾಡಿದರೂ ಬಾನೆಟ್ ಸಂದು ಸರಿಹೋಗುವುದಿಲ್ಲ.

ಬಡಿದೆತ್ತುವುದು

ಅಂಚು ಹರಿಯದೆ, ಒಳಗೆ ತಗಡು ಗಟ್ಟಿಯಾಗಿದ್ದರೆ ನಮ್ಮ ಮೊದಲ ಆಯ್ಕೆ ಇದೇ. ನಮ್ಮ ಕಡೆ ಟಿಂಕರಿಂಗ್ ಎನ್ನುವ ಈ ಕೆಲಸದಲ್ಲಿ ಸಾಮಾನಿನ ಖರ್ಚು ಅತಿ ಕಡಿಮೆ, ಕೈಗೆಲಸ ಅತಿ ಹೆಚ್ಚು.

ಚಕ್ರ ಬಿಚ್ಚಿ, ಒಳಗಿನ ಹಳೆಯ ಟಾರು ಅಂಡರ್‌ಕೋಟಿಂಗನ್ನು ಹೀಟ್ ಗನ್ನಿನಿಂದ ಮೆದು ಮಾಡಿ ಪೂರ್ತಿ ಕೆರೆದು ತೆಗೆಯಿರಿ. ಅದು ಉಳಿದಿದ್ದರೆ ಡಾಲಿ (ತಗಡಿನ ಅಡಿಗೆ ಆನಿಸಿ ಹಿಡಿಯುವ ಕಬ್ಬಿಣದ ಗಟ್ಟಿ) ತಗಡಿಗೆ ಕೂರದೆ ಪುಟಿಯುತ್ತದೆ, ಮುಂದೆ ಬಿಸಿ ಕೊಡುವಾಗ ಹೊತ್ತಿಕೊಳ್ಳುತ್ತದೆ. ಆಮೇಲೆ ಪೆಟ್ಟು ಬಿದ್ದ ಕ್ರಮವನ್ನು ಹಿಂದುಮುಂದಾಗಿ ಬಿಚ್ಚುತ್ತಾ ಹೋಗಬೇಕು: ಕೊನೆಗೆ ಮೂಡಿದ ಉಬ್ಬು ಮೊದಲು ಇಳಿಯಬೇಕು, ಮೊದಲು ಬಿದ್ದ ಗುಳಿ ಕೊನೆಗೆ ಏಳಬೇಕು. ಗುಳಿಯ ಅಡಿಗೆ ಡಾಲಿ ಒತ್ತಿ ಹಿಡಿದು, ಸುತ್ತಿಗೆಯಿಂದ ಪಕ್ಕದ ಉಬ್ಬಿನ ಮೇಲೆ ತಟ್ಟಿ. ಡಾಲಿಯ ನೇರ ಮೇಲೆಯೇ ಹೊಡೆದರೆ ತಗಡು ನಡುವೆ ಸಿಕ್ಕಿ ತೆಳುವಾಗುತ್ತದೆ, ಅಗಲವಾಗುತ್ತದೆ. ಹೊಸಬರ ಕೈಯಲ್ಲಿ ಕೆಡುವುದು ಇಲ್ಲೇ. ಗುಳಿ ಮೇಲೆದ್ದಂತೆ ಕಾಣುತ್ತದೆ, ಆದರೆ ಬೆರಳಿನಿಂದ ಒತ್ತಿದರೆ ಡಬ್ಬಿಯ ಮುಚ್ಚಳದ ಹಾಗೆ ಟಪ್ ಎಂದು ಒಳಹೋಗಿ ಹೊರಬರುತ್ತದೆ.

ಹಾಗೆ ಹಿಗ್ಗಿದ ತಗಡನ್ನು ಕುಗ್ಗಿಸಲು ಬಿಸಿ ಬೇಕು. ಉಬ್ಬಿನ ತುದಿಯಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಸಣ್ಣ ಜಾಗವನ್ನು ಕೆಂಪಾಗುವವರೆಗೆ ಕಾಯಿಸಿ, ಅಡಿಗೆ ಡಾಲಿ ಕೊಟ್ಟು ಸುತ್ತಲಿಂದ ಒಳಮುಖವಾಗಿ ಮೆಲ್ಲಗೆ ತಟ್ಟಿ, ಕೆಂಪು ಇಳಿದ ಮೇಲೆ ಒದ್ದೆ ಬಟ್ಟೆ ಒತ್ತಿ. ಒಂದು ಚುಕ್ಕೆ ಪೂರ್ತಿ ತಣ್ಣಗಾಗುವ ಮುನ್ನ ಇನ್ನೊಂದಕ್ಕೆ ಕೈ ಹಾಕಬೇಡಿ. ಬೇಕಾದ್ದಕ್ಕಿಂತ ಹೆಚ್ಚು ಕುಗ್ಗಿದರೆ ಸುತ್ತಲಿನ ತಗಡೆಲ್ಲ ಸೆಳೆದುಕೊಳ್ಳುತ್ತದೆ. ಕೊನೆಗೆ ಬಾಡಿ ಫೈಲನ್ನು ಓರೆಯಾಗಿ ಎಳೆಯಿರಿ. ಹೊಳೆಯುವುದು ಉಬ್ಬು, ಕಪ್ಪಾಗಿ ಉಳಿಯುವುದು ತಗ್ಗು. ತಗ್ಗನ್ನು ಅಡಿಯಿಂದ ಎತ್ತಬೇಕೇ ಹೊರತು ಉಬ್ಬನ್ನು ಅರದಿಂದ ಸವೆಸಿ ಸಮ ಮಾಡಬಾರದು. ಇರುವ ದಪ್ಪವೇ ಒಂದು ಮಿಲಿಮೀಟರಿನ ಆಸುಪಾಸು.

ಅದೇ ಪೆಟ್ಟು ಬಾನೆಟ್‌ಗೂ ತಾಗಿದ್ದರೆ ಮೊದಲು ಅಯಸ್ಕಾಂತ ಇಟ್ಟು ನೋಡಿ. ಆರಂಭದ ಎಂಜಿಬಿಗಳ ಬಾನೆಟ್ ಅಲ್ಯುಮಿನಿಯಂ, ಆಮೇಲಿನವು ಉಕ್ಕು. ಅಲ್ಯುಮಿನಿಯಂ ಕೆಂಪಾಗುವುದನ್ನು ಕಾಯುತ್ತಾ ಕೂತರೆ ಬಣ್ಣ ತೋರದೆಯೇ ಕರಗಿ ತೂತಾಗುತ್ತದೆ. ಸೋಪಿನಿಂದ ಒಂದು ಗೆರೆ ಎಳೆದು, ಅದು ಕಂದು ತಿರುಗಿದ ಕೂಡಲೇ ಜ್ವಾಲೆ ತೆಗೆಯಿರಿ. ತಗಡು ಮೆದುವಾಗಲು ಅಷ್ಟು ಬಿಸಿ ಸಾಕು.

ಸ್ಟಡ್ ಅಂಟಿಸಿ ಎಳೆಯುವುದು

ಗುಳಿಯ ಮೇಲೆ ಸ್ಟಡ್ ಎಂಬ ಸಣ್ಣ ಮೊಳೆಗಳನ್ನು ಬೆಸೆದು ಹೊರಗಿನಿಂದ ಎಳೆಯುವ ಈ ಕೆಲಸ ಬೇಗ ಮುಗಿಯುತ್ತದೆ, ಒಳಗೆ ಕೈ ಹೋಗದ ಕಡೆ ಬೇರೆ ದಾರಿಯೂ ಇಲ್ಲ. ಆದರೆ ಎಂಜಿಬಿಯ ಮುಂದಿನ ಮಡ್‌ಗಾರ್ಡಿನ ಹೆಚ್ಚಿನ ಭಾಗಕ್ಕೆ ಅಡಿಯಿಂದ ಕೈ ಸಲೀಸಾಗಿ ಹೋಗುತ್ತದೆ. ಎಳೆದ ಒಂದೊಂದು ಕಡೆಯೂ ಸಣ್ಣ ಮೊನೆ ಏಳುತ್ತದೆ, ಅವುಗಳ ನಡುವಿನ ತಗ್ಗು ಪುಟ್ಟಿಗೇ ಹೋಗುತ್ತದೆ. ಒಳಮೈಯಲ್ಲಿ ಸುಟ್ಟ ಚುಕ್ಕೆಗಳಿಗೆ ಮತ್ತೆ ಪ್ರೈಮರ್ ಹೊಡೆಯದಿದ್ದರೆ ತುಕ್ಕು ಅಲ್ಲಿಂದಲೇ ಶುರು. ಈ ಕಾರಿಗೆ ಈ ದಾರಿ ನಮಗೆ ಒಪ್ಪಿಗೆಯಿಲ್ಲ.

ತುಂಡು ಕತ್ತರಿಸಿ ಬೆಸೆಯುವುದು

ಬಾಗಿಲಿನ ಹತ್ತಿರದ ಕೆಳಮೂಲೆ ಈ ಕಾರಿನ ಹಳೆಯ ರೋಗದ ಜಾಗ. ಚಕ್ರದ ಹಿಂದಿರುವ ಸ್ಪ್ಲ್ಯಾಶ್ ಪ್ಲೇಟಿನ ರಬ್ಬರ್ ಸವೆದರೆ ಕೆಸರು ಒಳಗೆ ನುಗ್ಗಿ, ಅಲ್ಲೇ ನಿಂತು, ತಗಡನ್ನು ಒಳಗಿನಿಂದ ತಿನ್ನುತ್ತದೆ. ಪೆಟ್ಟು ಅಲ್ಲಿ ಬಿದ್ದಿದ್ದರೆ ಬಡಿಯಲು ಗಟ್ಟಿ ತಗಡೇ ಸಿಗುವುದಿಲ್ಲ. ಆಗ ಕೆಳಭಾಗದ ರಿಪೇರಿ ತುಂಡೇ ಸರಿ; ಮಡ್‌ಗಾರ್ಡಿನ ಮೇಲುಭಾಗವೂ ಬಾಗಿಲಿನ ಸಂದೂ ಹಾಗೇ ಉಳಿಯುತ್ತವೆ.

ತುಂಡನ್ನು ಹಳೆಯದರ ಮೇಲೆ ಹೇರಿ ಬೆಸೆಯುವವರಿದ್ದಾರೆ. ಎರಡು ಪದರದ ನಡುವೆ ನೀರು ನಿಲ್ಲುತ್ತದೆ, ಬಿಸಿಲಿನಲ್ಲಿ ಆ ಗೆರೆ ಪೇಂಟಿನ ಮೇಲೂ ಕಾಣುತ್ತದೆ. ಅಂಚಿಗೆ ಅಂಚು ಕೂಡಿಸಿ, ನಡುವೆ 1 ಮಿ.ಮೀ.ಗಿಂತ ಕಡಿಮೆ ಸಂದು ಬಿಟ್ಟು, ಸುಮಾರು 25 ಮಿ.ಮೀ.ಗೊಂದು ಚುಕ್ಕೆ ಹಾಕಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಜಾಗ ಬದಲಿಸುತ್ತಾ ತುಂಬುತ್ತಾ ಬನ್ನಿ. ಒಂದೇ ಓಟದಲ್ಲಿ ಎಳೆದರೆ ತಗಡು ಅಲೆಯಾಗುತ್ತದೆ. ಮಿಗ್ (ತಂತಿ ತಾನಾಗಿಯೇ ಬರುವ ವಿದ್ಯುತ್ ಬೆಸುಗೆ) ಆದರೆ 0.6 ಮಿ.ಮೀ. ತಂತಿ ಇರಲಿ. ಮಿಗ್ ಬೆಸುಗೆ ಗಡುಸು, ಬಡಿದರೆ ಹರಡುವುದಿಲ್ಲ, ಉಜ್ಜಿ ಇಳಿಸಬೇಕು. ಟಿಗ್ (ಕಡ್ಡಿಯನ್ನು ಕೈಯಿಂದ ಕೊಡುವ ವಿದ್ಯುತ್ ಬೆಸುಗೆ) ಅಥವಾ ಗ್ಯಾಸ್ ಬೆಸುಗೆ ಮೆದು, ಸುತ್ತಿಗೆ ಡಾಲಿಯಿಂದಲೇ ಸಮವಾಗುತ್ತದೆ. ನಮ್ಮೂರ ಹಳೆಯ ಟಿಂಕರಿಂಗ್ ಶೆಡ್‌ಗಳಲ್ಲಿ ಗ್ಯಾಸ್ ಬೆಸುಗೆಯಲ್ಲಿ ಕೈ ಪಳಗಿದವರು ಸಿಕ್ಕರೆ ಈ ಕೆಲಸ ಕಣ್ಣುಮುಚ್ಚಿ ಒಪ್ಪಿಸಬಹುದು.

ಬೆಸೆಯುವ ಮುನ್ನ ಬ್ಯಾಟರಿ ತಂತಿ ಬಿಚ್ಚಿ. 1967ರ ಕೊನೆಯಲ್ಲಿ ಡೈನಮೊ ಹೋಗಿ ಆಲ್ಟರ್ನೇಟರ್ ಬಂತು, ಬಾಡಿಗೆ ಸೇರುವ ಬ್ಯಾಟರಿ ತುದಿಯೂ (ಅರ್ತ್) ಪಾಸಿಟಿವ್‌ನಿಂದ ನೆಗೆಟಿವ್‌ಗೆ ಬದಲಾಯಿತು. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಅದರ ತಂತಿಯನ್ನೂ ಕಳಚಿಡಿ, ಇಲ್ಲದಿದ್ದರೆ ಡಯೋಡ್ ಸುಡುತ್ತದೆ.

ಹೊಸ ಮಡ್‌ಗಾರ್ಡ್

ಕಮಾನಿನ ಅಂಚು ಹರಿದಿದ್ದರೆ, ಮೇಲಂಚಿನ ಉದ್ದಕ್ಕೂ ಪೇಂಟ್ ಅಡಿಯಿಂದ ಗುಳ್ಳೆ ಎದ್ದಿದ್ದರೆ, ಅಥವಾ ಹೆಡ್‌ಲೈಟಿನ ಗುಂಡು ಬಾಯಿಯೇ ಸೊಟ್ಟಗಾಗಿದ್ದರೆ ಹಳೆಯದಕ್ಕೆ ಜೋತುಬೀಳಬೇಡಿ. ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಕಂಪನಿ ಮೂಲ ಅಚ್ಚುಗಳಿಂದಲೇ ಎಂಜಿಬಿಯ ತಗಡುಗಳನ್ನು ಒತ್ತುತ್ತದೆ. 1988ರಿಂದ ಪೂರ್ತಿ ಬಾಡಿಶೆಲ್ಲನ್ನೇ ತಯಾರಿಸಿ ಕೊಡುತ್ತಿದೆ. ಅಗ್ಗದ ನಕಲು ಮಡ್‌ಗಾರ್ಡ್‌ಗೂ ಇದಕ್ಕೂ ಬೆಲೆಯಲ್ಲಿ ಇರುವ ಅಂತರ ಕೂರಿಸುವ ಕೂಲಿಯಲ್ಲಿ ಕರಗಿಹೋಗುತ್ತದೆ. ನಕಲಿನಲ್ಲಿ ತಪ್ಪುವುದು ಹೆಡ್‌ಲೈಟ್ ಬಾಯಿಯ ಸುತ್ತು, ಕಮಾನಿನ ಬಾಗು, ಬಾಗಿಲಿನ ಕಡೆಯ ಅಂಚು. ಮೊದಲಿನ ಎರಡನ್ನು ಸುತ್ತಿಗೆಯಿಂದ ಸರಿಮಾಡಬಹುದು. ಬಾಗಿಲಂಚು ತಪ್ಪಿದ್ದರೆ ಬೆಸುಗೆ ಹಾಕಿ ಅಂಚನ್ನೇ ಹೊಸದಾಗಿ ಕಟ್ಟಬೇಕಾಗುತ್ತದೆ. ಹಾಗಾಗಿ ನಕಲು ಬೇಡವೇ ಬೇಡ. ತರಿಸುವಾಗ ನಿಮ್ಮದು ಕ್ರೋಮ್ ಬಂಪರ್ ಕಾರೋ, 1974ರ ಕೊನೆಯಲ್ಲಿ ಬಂದ ರಬ್ಬರ್ ಬಂಪರ್ ಕಾರೋ ಎಂದು ಸ್ಪಷ್ಟವಾಗಿ ಹೇಳಿ. ಎರಡರ ಮೂತಿ ಬೇರೆ, ಮಡ್‌ಗಾರ್ಡೂ ಬೇರೆ.

“ಬೋಲ್ಟು ತಾನೇ” ಎಂದು ಹಗುರವಾಗಿ ತೆಗೆದುಕೊಂಡವರಿಗೆ ಬಿಚ್ಚುವಾಗಲೇ ಬಿಸಿ ತಟ್ಟುತ್ತದೆ. ಬಾನೆಟ್ ಕಾಲುವೆಯ ಸಾಲು ಸುಲಭ. ಹಿಂದಿನ ಸಾಲು ಸ್ಪ್ಲ್ಯಾಶ್ ಪ್ಲೇಟಿನ ಹಿಂದೆ ಮತ್ತು ಡ್ಯಾಶ್‌ಬೋರ್ಡಿನ ಅಡಿ ಅಡಗಿದೆ. ರೋಡ್‌ಸ್ಟರ್‌ನಲ್ಲಿ (ಮೇಲೆ ತೆರೆದ ಮಾದರಿ) ವಿಂಡ್‌ಸ್ಕ್ರೀನ್ ಚೌಕಟ್ಟನ್ನೂ ಬಿಚ್ಚಬೇಕಾಗುತ್ತದೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬಲವಂತ ಮಾಡಿದರೆ ಒಳಗೆ ಬೆಸೆದ ನಟ್ಟು ಕಿತ್ತುಕೊಂಡು ಸುತ್ತಲಾರಂಭಿಸುತ್ತದೆ.

ಹೊಸದನ್ನು ಪೇಂಟಿಗೆ ಮುನ್ನ ಒಮ್ಮೆ ಪೂರ್ತಿ ಕೂರಿಸಿ ನೋಡಿ. ಎಲ್ಲ ಬೋಲ್ಟನ್ನೂ ಸಡಿಲವಾಗಿ ಹಾಕಿ, ಮೊದಲು ಬಾಗಿಲಿನ ಸಂದು 4–5 ಮಿ.ಮೀ.ಗೆ ತಂದು ಅಲ್ಲಿ ಬಿಗಿ ಮಾಡಿ, ಆಮೇಲೆ ಬಾನೆಟ್ ಕಡೆ, ಕೊನೆಗೆ ಮೂತಿ. ಮುಂದಿನಿಂದ ಬಿಗಿಯುತ್ತಾ ಬಂದರೆ ತಪ್ಪೆಲ್ಲ ಬಾಗಿಲಿನ ಹತ್ತಿರ ಬಂದು ಸೇರುತ್ತದೆ, ಕಣ್ಣು ಮೊದಲು ಹೋಗುವುದೂ ಅಲ್ಲಿಗೇ. ಪಕ್ಕದ ಹೊಳೆಯುವ ಪಟ್ಟಿಯ ತೂತುಗಳು ಬಾಗಿಲಿನ ಪಟ್ಟಿಗೆ ನೇರ ಇವೆಯೇ ಎಂದು ಇದೇ ಹೊತ್ತಿಗೆ ದಾರ ಎಳೆದು ನೋಡಿ.

ಪುಟ್ಟಿಯೋ, ಸೀಸವೋ?

ತಗಡನ್ನು ಚೆನ್ನಾಗಿ ಎತ್ತಿದ್ದರೆ ದೊಡ್ಡ ಬಯಲಿಗೆ ಪುಟ್ಟಿಯೇ ಒಳ್ಳೆಯದು. 80 ನಂಬರಿನ ಪೇಪರ್ ಹೊಡೆದ ಬರಿ ತಗಡಿನ ಮೇಲೆ ಅಥವಾ ಒಣಗಿದ ಎಪಾಕ್ಸಿ ಪ್ರೈಮರ್ ಮೇಲೆ ಹಚ್ಚಿ. ಎಚ್ ಪ್ರೈಮರ್ (ಆಮ್ಲದಿಂದ ತಗಡನ್ನು ಕೊರೆದು ಹಿಡಿಯುವ ಪ್ರೈಮರ್) ಮೇಲೆ ಬೇಡ, ಹಿಡಿಯುವುದಿಲ್ಲ. ಹಾರ್ಡನರ್ ತೂಕದಲ್ಲಿ ಸುಮಾರು 2%. ಬೇಗ ಒಣಗಲಿ ಎಂದು ಹೆಚ್ಚು ಸೇರಿಸಿದರೆ ಮೇಲಿನ ಪೇಂಟಿನಲ್ಲಿ ಹಳದಿ ಕಲೆ ಏಳುತ್ತದೆ. ಸಮ ಮಾಡಿದ ಮೇಲೆ 3 ಮಿ.ಮೀ.ಗಿಂತ ಹೆಚ್ಚು ದಪ್ಪ ಉಳಿದರೆ ತಗಡಿನ ಕೆಲಸ ಇನ್ನೂ ಮುಗಿದಿಲ್ಲ ಎಂದೇ ತಿಳಿಯಿರಿ. ಪುಟ್ಟಿ ನೀರು ಹೀರುತ್ತದೆ, ಒಣದಾಗಿಯೇ ಉಜ್ಜಿ.

ಸೀಸದ ಜಾಗ ಅಂಚು ಮತ್ತು ಕೂಡುಗೆರೆ. ಬಾಗಿಲಂಚಿನಲ್ಲಿ ಪುಟ್ಟಿ ತಾಗಿದರೆ ಚಕ್ಕೆ ಏಳುತ್ತದೆ, ಸೀಸ ಏಳುವುದಿಲ್ಲ. 30 ಪಾಲು ತವರ, 70 ಪಾಲು ಸೀಸದ ಕಡ್ಡಿ 183ರಿಂದ ಸುಮಾರು 255 ಡಿಗ್ರಿ ಸೆಲ್ಸಿಯಸ್‌ವರೆಗೆ ಬೆಣ್ಣೆಯಷ್ಟು ಮೆದುವಾಗಿರುತ್ತದೆ; ಮರದ ಹಲಗೆಯಿಂದ ತಳ್ಳಿ ಕೂರಿಸಬಹುದು. ಅಗಲ ತಗಡಿನ ನಡುವೆ ಇಷ್ಟು ಬಿಸಿ ಕೊಟ್ಟರೆ ಅದು ಸೊಟ್ಟಗಾಗುತ್ತದೆ. ಕೆಲಸ ಮುಗಿದ ಮೇಲೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆಯಿರಿ. ಸೀಸ ಹಿಡಿಯಲು ಹಚ್ಚಿದ ಫ್ಲಕ್ಸ್ ಉಳಿದರೆ ಪೇಂಟ್ ಗುಳ್ಳೆ ಬರುವುದು ಖಂಡಿತ. ಸೀಸವನ್ನು ಅರದಿಂದ ಮಾತ್ರ ಸವೆಸಿ. ಗ್ರೈಂಡರ್ ಹಿಡಿದರೆ ಆ ಧೂಳು ನೇರ ಶ್ವಾಸಕೋಶಕ್ಕೆ.

ಪೇಂಟ್

ತುಂಡು ಕೆಲಸಕ್ಕೆ ಸೆಲ್ಯುಲೋಸ್ (ಥಿನ್ನರ್ ಆರಿ ಒಣಗುವ ಹಳೆಯ ಬಗೆಯ ಪೇಂಟ್), ಇಡೀ ಮಡ್‌ಗಾರ್ಡ್‌ಗೆ 2ಕೆ (ಹಾರ್ಡನರ್ ಬೆರೆಸಿ ಹೊಡೆಯುವ ಪೇಂಟ್). ಸೆಲ್ಯುಲೋಸಿನ ಅಂಚನ್ನು ಉಜ್ಜಿ ಪಾಲಿಶ್ ಮಾಡಿದರೆ ಹಳೆಯ ಪೇಂಟಿನೊಳಗೆ ಬೆರೆತುಹೋಗುತ್ತದೆ, 2ಕೆ ಅಂಚು ಗೆರೆಯಾಗಿ ಉಳಿಯುತ್ತದೆ. ಆದರೆ 2ಕೆ ಹಾರ್ಡನರಿನ ಐಸೊಸಯನೇಟ್‌ಗೆ ಹೊರಗಿನಿಂದ ಗಾಳಿ ಒದಗಿಸುವ ಮುಖವಾಡವೇ ಬೇಕು, ಮಾಮೂಲಿ ಮಾಸ್ಕ್ ಸಾಲದು. ಅದಿಲ್ಲದ ಕಡೆ 2ಕೆ ಹೊಡೆಯಲೇಬೇಡಿ. ಹಳೆಯ ಸೆಲ್ಯುಲೋಸ್ ಮೇಲೆ 2ಕೆ ಹೊಡೆದರೆ ಅಡಿಯ ಪೇಂಟ್ ಸುಕ್ಕೆದ್ದು ಬರುವುದುಂಟು, ಬಾನೆಟ್ಟಿನ ಅಡಿಭಾಗದಂಥ ಕಾಣದ ಜಾಗದಲ್ಲಿ ಮೊದಲು ಪರೀಕ್ಷಿಸಿ. ಓಲ್ಡ್ ಇಂಗ್ಲಿಷ್ ವೈಟ್‌ನಂಥ ಬಣ್ಣವಾದರೆ ಹೆಸರು ನೋಡಿ ಕಲಸಬೇಡಿ. ದಶಕಗಳ ಬಿಸಿಲಿಗೆ ಅದು ಹಳದಿಗೆ ತಿರುಗಿರುತ್ತದೆ. ಇಂಧನ ಟ್ಯಾಂಕಿನ ಮುಚ್ಚಳದ ಸುತ್ತ ಪಾಲಿಶ್ ಹಚ್ಚಿ, ಅಲ್ಲಿ ಹೊಳೆದ ಬಣ್ಣಕ್ಕೆ ಹೊಂದಿಸಿ. ಸೆಲ್ಯುಲೋಸ್ ಹೊಡೆದಿದ್ದರೆ ಕೊನೆಯ ಪಾಲಿಶ್‌ಗೆ ಕೆಲವು ವಾರ ಕಾಯಿರಿ. ಅದು ಒಣಗುತ್ತಾ ಕುಗ್ಗುತ್ತದೆ, ಉಜ್ಜಿದ ಗೀರುಗಳು ಆಮೇಲೆಯೇ ಮೇಲೆ ಬರುತ್ತವೆ.