ಗರ್ಭಕೋಶದ ಬಾಯಿಗೆ ಹೊಲಿಗೆ: ಐದಕ್ಕೆ ನಾಲ್ಕು ಸ್ಟಾರ್

ನಾನು ಕಡೂರಿನಲ್ಲಿ ಬ್ಲೌಸ್ ಹೊಲಿಯುವವಳು. ಹಾಗಾಗಿ ಹೊಲಿಗೆ ಬಗ್ಗೆ ನಾಲ್ಕು ಮಾತಾಡುವ ಹಕ್ಕು ನನಗಿದೆ. ಆಸ್ಪತ್ರೆ ಹಾಸನದ ಕಡೆಯದು, ಖಾಸಗಿ. ಹೆಸರು ಬೇಡ, ಬೈಯುವುದೂ ಇದೆ.

ಮೊದಲನೇ ಸಲ ಐದನೇ ತಿಂಗಳಿಗೆ ಮಗು ಹೋಯಿತು. ನೋವೇ ಇರಲಿಲ್ಲ. ಸಂಜೆ ಸೊಂಟ ಭಾರ ಅನ್ನಿಸಿತು, ಕೆಳಗೆ ಏನೋ ಒತ್ತಿದ ಹಾಗಾಯಿತು. ಬೆಳಗಾಗುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಆಗ ತೋರಿಸುತ್ತಿದ್ದ ಕಡೆ "ಮೆಷಿನ್ ತುಳಿದಿದ್ದು ಜಾಸ್ತಿ ಆಯ್ತು" ಅಂದರು. ಎರಡು ವರ್ಷ ಪೆಡಲ್ ಮೇಲೆ ಕಾಲಿಟ್ಟಾಗೆಲ್ಲ ಆ ಮಾತೇ ನೆನಪಾಗುತ್ತಿತ್ತು.

ಎರಡನೇ ಸಲ ಬಸುರಿಯಾದಾಗ ಇಲ್ಲಿಗೆ ಬಂದೆ. ಡಾಕ್ಟರಮ್ಮ ಹಳೇ ಕಥೆಯನ್ನು ಪೂರ್ತಿ ಕೇಳಿದರು. ಆಗ ನೋವಿಲ್ಲದೆ ಗರ್ಭಕೋಶದ ಬಾಯಿ ತೆರೆದುಕೊಂಡಿದೆ, ಅದು ಸಡಿಲ ಇರಬಹುದು, ಮೆಷಿನ್ನಿನದೇನೂ ತಪ್ಪಿಲ್ಲ ಅಂದರು. ಆ ಒಂದು ಮಾತಿಗೇ ಎರಡು ಸ್ಟಾರ್ ಕೊಟ್ಟಿದ್ದೇನೆ.

16ನೇ ವಾರದಿಂದ ಎರಡು ವಾರಕ್ಕೊಮ್ಮೆ ಒಳಗಿನಿಂದ ಸ್ಕ್ಯಾನ್ ಮಾಡಿ ಆ ಬಾಯಿಯ ಉದ್ದ ಅಳತೆ ತೆಗೆದರು. ಮೊದಲು 34 ಮಿಲಿಮೀಟರ್, ಆಮೇಲೆ 29, 20ನೇ ವಾರಕ್ಕೆ 21. ನನ್ನಂತೆ ಮೊದಲು ಕಳೆದುಕೊಂಡವರಿಗೆ 24 ವಾರದೊಳಗೆ 25ಕ್ಕಿಂತ ಕಮ್ಮಿ ಬಂದರೆ ಹೊಲಿಗೆ ಹಾಕುತ್ತಾರಂತೆ. ಮಾರನೇ ದಿನವೇ ಹಾಕಿದರು.

ಬೆನ್ನಿಗೆ ಇಂಜೆಕ್ಷನ್, ಸೊಂಟದ ಕೆಳಗೆ ಮರಗಟ್ಟಿತು. ಹೊಟ್ಟೆ ಕೊಯ್ಯುವುದಿಲ್ಲ, ಎಲ್ಲಾ ಕೆಳಗಿನಿಂದಲೇ. ಇಪ್ಪತ್ತು ನಿಮಿಷದ ಕೆಲಸ. ಅಜ್ಜಿಯ ಎಲೆಅಡಿಕೆ ಸಂಚಿ ನೆನಪಿದೆಯಾ? ಬಾಯಿ ಸುತ್ತ ಪೋಣಿಸಿದ ದಾರ ಎಳೆದರೆ ಮುಚ್ಚಿಕೊಳ್ಳುತ್ತಿತ್ತಲ್ಲ, ಅದೇ ಲೆಕ್ಕ. ಹಾಕಿದ್ದು ದಾರವಲ್ಲ, 5 ಮಿಲಿಮೀಟರ್ ಅಗಲದ ಬಿಳಿ ಟೇಪು, ಮರ್ಸಿಲೀನ್ ಅಂತೆ. ಪಾಲಿಯೆಸ್ಟರ್ ಅಂತ ಗೊತ್ತಾಗಿ ನಗು ಬಂತು. ಗಿರಾಕಿಗಳಿಗೆ ಹತ್ತಿಯೇ ತಗೊಳ್ಳಿ ಅನ್ನುವವಳು ನಾನು!

ಈ ಹೊಲಿಗೆಯಲ್ಲಿ ಎರಡು ಬಗೆ. 1955ರಲ್ಲಿ ಮುಂಬೈನ ಡಾ. ವಿ.ಎನ್. ಶಿರೋಡ್ಕರ್ ಹೇಳಿಕೊಟ್ಟಿದ್ದು ಒಂದು. ಅದರಲ್ಲಿ ಮೂತ್ರಚೀಲ ಸ್ವಲ್ಪ ಸರಿಸಿ ಇನ್ನೂ ಎತ್ತರಕ್ಕೆ ಹಾಕುತ್ತಾರೆ. ನನಗೆ ಹಾಕಿದ್ದು 1957ರ ಮೆಕ್‌ಡೊನಾಲ್ಡ್ ಬಗೆ, ಸ್ವಲ್ಪ ಸುಲಭದ್ದು. ಪಕ್ಕದ ಬೆಡ್ಡಿನವಳು ಅವಳಿ ಬಸುರಿ, ನನಗೂ ಹಾಕಿ ಅಂತ ಹಟ ಹಿಡಿದಿದ್ದಳು. ಬರೀ ಅವಳಿ ಅನ್ನೋ ಕಾರಣಕ್ಕೆ ಹಾಕಲ್ಲ ಅಂದರು. ದುಡ್ಡು ಬರುತ್ತೆ ಅಂತ ಸುಮ್ನೆ ಹಾಕಲಿಲ್ಲ, ನನಗೆ ಅದು ಹಿಡಿಸಿತು.

ಮನೆಯಲ್ಲಿ ಅತ್ತೆ ಮಂಚ ಬಿಟ್ಟು ಇಳಿಯಲು ಬಿಡಲಿಲ್ಲ. ಡಾಕ್ಟರಮ್ಮ ಮಾತ್ರ ಸದಾ ಮಲಗಿರುವುದು ಬೇಡ, ಭಾರ ಎತ್ತಬೇಡಿ ಸಾಕು ಅಂದಿದ್ದರು. ನೀರು ಹೋದರೆ, ರಕ್ತ ಕಂಡರೆ, ಜ್ವರ ಬಂದರೆ, ಹೊಟ್ಟೆ ಬಿಗಿದು ಬಿಗಿದು ನೋವು ಬಂದರೆ ತಕ್ಷಣ ಬರಬೇಕು. ಹೆರಿಗೆ ನೋವು ಶುರುವಾದರೆ ಹೊಲಿಗೆ ಬಿಚ್ಚಲೇಬೇಕು, ಇಲ್ಲದಿದ್ದರೆ ಬಾಯಿ ಹರಿಯುತ್ತೆ. 29ನೇ ವಾರದಲ್ಲಿ ರಾತ್ರಿ ಎರಡು ಗಂಟೆಗೆ ನೀರು ಹೋದಂತೆ ಅನ್ನಿಸಿ ಫೋನ್ ಮಾಡಿದೆ. ಸಿಸ್ಟರ್ ಎರಡನೇ ರಿಂಗಿಗೇ ಎತ್ತಿದರು. ಪರೀಕ್ಷೆ ಮಾಡಿದರು, ಏನೂ ಇರಲಿಲ್ಲ, ಬೈಯದೆ ಕಳಿಸಿದರು.

ಇನ್ನು ಬೈಗುಳ. ಒಳಗಿನ ಸ್ಕ್ಯಾನ್ ಮಾಡುವ ರೂಮಿಗೆ ಬಾಗಿಲಿಲ್ಲ, ಪರದೆ ಮಾತ್ರ. ಅದೂ ಎರಡಂಗುಲ ಗಿಡ್ಡ. ಆ ಕಡೆ ಯಾರದೋ ಮಾವ ಫೋನಿನಲ್ಲಿ ಅಡಿಕೆ ರೇಟು ಮಾತಾಡುತ್ತಿದ್ದರು. ಬಿಲ್ 18,000 ಅಂದಿದ್ದು 26,500 ಆಯಿತು. ಏನಕ್ಕೆ ಎಷ್ಟು ಅಂತ ಮೂರು ಸಲ ಕೇಳಿದ ಮೇಲೆ ಚೀಟಿ ಕೊಟ್ಟರು.

37ನೇ ವಾರಕ್ಕೆ ಹೊಲಿಗೆ ಬಿಚ್ಚಿದರು. ಈ ಸಲ ಇಂಜೆಕ್ಷನ್ ಇಲ್ಲ, ಚುರುಕ್ ಅಂದಿತು, ಅಷ್ಟೇ. ಟೇಪು ತೋರಿಸಿ ಅಂತ ಕೇಳಿ ಗಂಟು ನೋಡಿದೆ. ಒಳ್ಳೇ ಗಂಟು. ಒಂಬತ್ತು ದಿನ ಆದ ಮೇಲೆ ಮಗಳು ಹುಟ್ಟಿದಳು, 2.7 ಕೆ.ಜಿ. ಪರದೆಗೆ ಎರಡಂಗುಲ ಬಟ್ಟೆ ನಾನೇ ಸೇರಿಸಿಕೊಡ್ತೀನಿ ಅಂತ ರಿಸೆಪ್ಶನ್ನಿನಲ್ಲಿ ಹೇಳಿ ಬಂದಿದ್ದೇನೆ. ಇನ್ನೂ ಫೋನ್ ಬಂದಿಲ್ಲ.