ಧಾರವಾಡದ ಖಾನಾವಳಿ: ರೊಟ್ಟಿಗೆ ಪೂರ್ತಿ ಮಾರ್ಕ್ಸ್, ಸಾರಿಗೆ ಇಲ್ಲ

ಮಗಳು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಸೇರಿ ಮೂರು ತಿಂಗಳಾಯಿತು. ನೋಡಿ ಬರೋಣ ಅಂತ ಹಾವೇರಿಯಿಂದ ಹೊರಟೆ. ಹುಬ್ಬಳ್ಳಿಯಿಂದ ಮುಂದಕ್ಕೆ ಚಿಗರಿ ಬಸ್ಸು. ರಸ್ತೆ ನಡುವೆ ಅದಕ್ಕೇ ಬೇರೆ ದಾರಿ ಇದೆ, ಒಳಗೆ ಎಸಿ. ಆರಾಮಾಗಿ ಹೋದೆ.

1950ರಲ್ಲಿ ಮುಂಬೈಯಿಂದ ಧಾರವಾಡಕ್ಕೆ ಬಂದ ವಿಶ್ವವಿದ್ಯಾಲಯವಿದು. ಗುಡ್ಡದ ಮೇಲಿನ ಕ್ಯಾಂಪಸ್ಸು ಸುತ್ತುವಷ್ಟರಲ್ಲಿ ನನ್ನ ಮೊಣಕಾಲು ಮುಷ್ಕರ ಹೂಡಿತ್ತು. ಹೊಟ್ಟೆಯೂ ಅಷ್ಟೇ. ಮಗಳು ತಾನು ದಿನಾ ಉಣ್ಣುವ ಖಾನಾವಳಿಗೆ ಕರೆದೊಯ್ದಳು.

ಸಣ್ಣ ಜಾಗ, ನಾಲ್ಕೇ ಟೇಬಲ್ಲು. ಒಳಗಿಂದ ಪಟಪಟ ರೊಟ್ಟಿ ಬಡಿಯುವ ಸದ್ದು. ಬಿಸಿ ಜೋಳದ ರೊಟ್ಟಿ ಉಬ್ಬಿಕೊಂಡೇ ತಟ್ಟೆಗೆ ಬಂತು. ಅಂಚೂ ಒಡೆದಿರಲಿಲ್ಲ. ನಲವತ್ತು ವರ್ಷದಿಂದ ರೊಟ್ಟಿ ಬಡಿಯುವವಳು ನಾನು, ಸುಮ್ನೆ ಹೊಗಳುವುದಿಲ್ಲ. ಎಣ್ಣೆಗಾಯಿಗೆ ಗುರೆಳ್ಳು, ಶೇಂಗಾ ಎರಡೂ ಕೈಬಿಚ್ಚಿ ಹಾಕಿದ್ದರು. ಪಕ್ಕದಲ್ಲಿ ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ, ಶೇಂಗಾ ಚಟ್ನಿ ಮೇಲೆ ಗಟ್ಟಿ ಮೊಸರು.

“ಅವ್ವಾ, ನಿನ್ನ ರೊಟ್ಟಿಕಿಂತ ತೆಳ್ಳಗ ಅದಾವ ನೋಡು” ಅಂದಳು ಮಗಳು. ಮೂರು ತಿಂಗಳಿಗೇ ಪಕ್ಷ ಬದಲಾಯಿಸಿದ್ದಾಳೆ!

ಅನ್ನ ಮಾತ್ರ ತಣ್ಣಗಿತ್ತು. ಸಾರಿನಲ್ಲಿ ಬೇಳೆ ಹುಡುಕಬೇಕು. ಕೈ ತೊಳೆಯುವ ನಲ್ಲಿಯಲ್ಲಿ ನೀರಿಲ್ಲ, ಬಕೆಟ್ಟಿಗೆ ತಂಬಿಗೆ ಅದ್ದಬೇಕು. ಒಂದು ಗಂಟೆಯ ನಂತರ ರಶ್ ಜಾಸ್ತಿ, ಹನ್ನೆರಡೂವರೆಗೇ ಹೋಗಿ. ಅನ್ನ ಬಿಟ್ಟು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿ.

ವಾಪಸು ಬರುವಾಗ ಅರ್ಧ ಕಿಲೋ ಪೇಡೆ ಕಟ್ಟಿಸಿದೆ. ಹಾವೇರಿ ಮುಟ್ಟುವಾಗ ಕಾಲು ಕಿಲೋ ಉಳಿದಿತ್ತು.