ಸಿಗಾರ್ ರೂಮಿಗೆ ಫ್ಯಾನ್ ಹಾಕಿಸುವ ಮುಂಚೆ ಬಚ್ಚಲ ಒಲೆ ನೋಡಿ

ಮನೆಯಲ್ಲಿ ಸಿಗಾರ್ ಸೇದೋಕೆ ಅಂತ ಬೇರೆ ರೂಮ್ ಮಾಡಿಸುತ್ತಿರುವವರು, ಅದರಲ್ಲೂ ಬಚ್ಚಲಲ್ಲಿ ಸೌದೆ ಒಲೆ ಇಟ್ಟುಕೊಂಡಿರುವ ನಮ್ಮ ಮಲೆನಾಡಿನವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಅತ್ತೆಯ ಜೀವಕ್ಕೇ ಕುತ್ತು ಬಂದಿತ್ತು.

ನಮ್ಮದು ಮೂಡಿಗೆರೆ ಕಡೆ ತೋಟದ ಮನೆ. ಮಾವನಿಗೆ ಸಂಜೆ ಸ್ನೇಹಿತರ ಜೊತೆ ಕೂತು ಸಿಗಾರ್ ಸೇದುವ ಅಭ್ಯಾಸ. ಸಿಗರೇಟಿನ ಹಾಗಲ್ಲ, ದೊಡ್ಡದೊಂದು ಸಿಗಾರ್ ಮುಗಿಯೋಕೆ ಗಂಟೆಯೇ ಬೇಕು. ಮಳೆಗಾಲದಲ್ಲಿ ಎರಚಲಿಗೆ ಜಗಲಿಯಲ್ಲಿ ಕೂರುವ ಹಾಗಿಲ್ಲ. ಒಳಗೆ ಸೇದಿದರೆ ಪರದೆ, ಹಾಸಿಗೆ ಎಲ್ಲಾ ಅದೇ ವಾಸನೆ. ಅದಕ್ಕೆ ಮೂಲೆ ರೂಮನ್ನು ಅವರಿಗೇ ಬಿಟ್ಟುಕೊಟ್ಟೆವು.

ಚಿಕ್ಕಮಗಳೂರಿನಿಂದ ಬಂದ ಕಾಂಟ್ರಾಕ್ಟರ್ ಆ ರೂಮಿನ ಕಿಟಕಿಗಳಿಗೆ ಸಂದಿಲ್ಲದ ಹಾಗೆ ಗಾಜು ಕೂರಿಸಿ, 12 ಇಂಚಿನ ಎರಡು ಎಕ್ಸಾಸ್ಟ್ ಫ್ಯಾನ್ ಹಾಕಿದರು. ಬಾಗಿಲ ಕೆಳಗೆ ಮಾತ್ರ ಸಂದು ಬಿಟ್ಟರು. "ಮನೆಯೊಳಗಿನ ಗಾಳಿ ಇಲ್ಲಿಂದ ಎಳೆದುಕೊಳ್ಳುತ್ತೆ ಮೇಡಂ, ವಾಸನೆ ವಾಪಸ್ ಬರಲ್ಲ" ಅಂದರು. ಹಾಗೇ ಆಯಿತು. ಹಾಲ್‌ಗೆ ಒಂಚೂರೂ ವಾಸನೆ ಬರಲಿಲ್ಲ. ಎಲ್ಲರಿಗೂ ಖುಷಿ.

ಮಳೆ ಜೋರಾದ ಮೇಲೆ ಮನೆ ಕಿಟಕಿ ಬಾಗಿಲೆಲ್ಲ ಮುಚ್ಚಿದೆವು. ಆಗ ಶುರುವಾಯಿತು ಅತ್ತೆಯ ತಲೆನೋವು. ಅವರ ಕೋಣೆ ಬಚ್ಚಲಿಗೆ ಅಂಟಿಕೊಂಡೇ ಇದೆ. ಸಂಜೆಯಾದರೆ ತಲೆ ಸಿಡಿತ, ಹೊಟ್ಟೆ ತೊಳೆಸುವುದು. ಪಿತ್ತ ಅಂದುಕೊಂಡು ಜೀರಿಗೆ ಕಷಾಯ ಮಾಡಿಕೊಟ್ಟೆ. ಒಂದು ರಾತ್ರಿ ಎದ್ದು ನಿಲ್ಲಲಿಕ್ಕೇ ಆಗದೆ ಬಾಗಿಲ ಹತ್ತಿರ ಕುಸಿದರು. ಕೋವಿಡ್ ಸಮಯದಲ್ಲಿ ತಂದಿದ್ದ ಆಕ್ಸಿಮೀಟರ್ ಬೆರಳಿಗೆ ಹಾಕಿದರೆ 98, ಅಂದರೆ ರಕ್ತದಲ್ಲಿ ಆಕ್ಸಿಜನ್ ಸರಿಯಾಗೇ ಇದೆ ಅಂತ ತೋರಿಸುತ್ತಿದೆ! ಆದರೂ ಕಾರಲ್ಲಿ ಕೂರಿಸಿಕೊಂಡು ಓಡಿದೆವು.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಮನೆಯಲ್ಲಿ ಒಲೆ, ಕೆಂಡ ಏನಾದ್ರೂ ಇತ್ತಾ?" ಇತ್ತು, ಬಚ್ಚಲ ಹಂಡೆ ಒಲೆ. ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲ ಅಂದರು. ಆಕ್ಸಿಜನ್ ಕೊಟ್ಟು ಉಳಿಸಿದರು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಕ್ಸಿಜನ್ ಹೊತ್ತೊಯ್ಯುವ ಹಿಮೋಗ್ಲೋಬಿನ್‌ಗೆ ಇದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತೆ. ಬೆರಳಿಗೆ ಹಾಕುವ ಮಾಮೂಲಿ ಆಕ್ಸಿಮೀಟರ್‌ಗೆ ಇವೆರಡರ ವ್ಯತ್ಯಾಸ ಗೊತ್ತಾಗಲ್ಲ. ಅದಕ್ಕೇ ಆ 98. ಅದನ್ನು ನಂಬಿ ಮಲಗಿಸಿಬಿಟ್ಟಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಕೈಕಾಲು ನಡುಗುತ್ತೆ.

ಮನೆಗೆ ಬಂದು ನಮ್ಮನೆಯವರು ಒಂದು ಊದುಬತ್ತಿ ಹಚ್ಚಿ, ಆರಿದ ಒಲೆಯ ಬಾಯಿಗೆ ಹಿಡಿದರು. ಫ್ಯಾನ್ ಆಫ್ ಇದ್ದಾಗ ಹೊಗೆ ನೆಟ್ಟಗೆ ಚಿಮಣಿ ಕಡೆ ಹೋಯಿತು. ಎರಡೂ ಫ್ಯಾನ್ ಹಾಕಿದ ತಕ್ಷಣ ಬಗ್ಗಿತು, ಆಮೇಲೆ ಪೂರ್ತಿ ತಿರುಗಿ ನಮ್ಮ ಮುಖಕ್ಕೇ ಬಂತು. ಚಿಮಣಿಯಿಂದ ತಣ್ಣನೆ ಗಾಳಿ ಕೆಳಗಿಳಿಯುತ್ತಿತ್ತು.

ಲೆಕ್ಕ ಸುಲಭ. 12 ಅಡಿಗೆ 12 ಅಡಿ, 10 ಅಡಿ ಎತ್ತರದ ರೂಮಲ್ಲಿ 1440 ಘನ ಅಡಿ, ಅಂದರೆ ಸುಮಾರು 40 ಘನ ಮೀಟರ್ ಗಾಳಿ. ಗಂಟೆಗೆ 15 ಸಲ ಬದಲಾಯಿಸಬೇಕಾದರೆ 600 ಘನ ಮೀಟರ್ ಹೊರಗೆ ತಳ್ಳಬೇಕು. ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕಲ್ವಾ? ಮುಚ್ಚಿದ ಮನೆಯಲ್ಲಿ ಅದಕ್ಕೆ ಸಿಕ್ಕಿದ ದಾರಿ ನಮ್ಮ ಚಿಮಣಿ. ಸಂಜೆ ಹೊತ್ತಿಗೆ ಒಲೆಯಲ್ಲಿ ಬರೀ ಕೆಂಡ ಇರುತ್ತಿತ್ತು. ಕೆಂಡಕ್ಕೆ ಕಣ್ಣಿಗೆ ಕಾಣುವ ಹೊಗೆ ಇರಲ್ಲ, ಆದರೆ ಈ ವಿಷ ಧಾರಾಳವಾಗಿ ಬಿಡುತ್ತೆ.

ಹಾಗಾಗಿ ಸಿಗಾರ್ ರೂಮಿಗೆ ಗಾಳಿ ಒಳಗೆ ಬರುವ ದಾರಿ ಆ ರೂಮಿನ ಹೊರಗೋಡೆಯಲ್ಲೇ ಇರಲಿ. ಫ್ಯಾನ್‌ಗೆ ಎದುರು, ಕೆಳಗೆ, ಸಾಕಷ್ಟು ದೊಡ್ಡದಾಗಿ ಇರಲಿ, ಮಳೆ ನೀರು ನುಗ್ಗದ ಹಾಗೆ ಜಾಲರಿ, ಲೂವರ್ (ಓರೆ ಪಟ್ಟಿಗಳ ಮುಚ್ಚಳ) ಹಾಕಿಸಿ. ಮನೆ ಕಡೆಯ ಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿ ಬಿಗಿ ಮಾಡಿ. ಬಚ್ಚಲ ಒಲೆ ಅಥವಾ ಗ್ಯಾಸ್ ಗೀಸರ್ ಇದ್ದರೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ತಗೊಳ್ಳಿ. ಏರ್ ಪ್ಯೂರಿಫೈಯರ್ ಇದೆ ಅಂತ ಸುಮ್ನೆ ಇರಬೇಡಿ, ಅದರ ಫಿಲ್ಟರ್ ಈ ಅನಿಲವನ್ನು ಹಿಡಿಯಲ್ಲ. ಇಷ್ಟೆಲ್ಲ ಮಾಡಿದರೂ ಪಕ್ಕದಲ್ಲಿ ಕೂತವರಿಗೆ ಸಿಗಾರ್ ಹೊಗೆಯ ಅಪಾಯ ಪೂರ್ತಿ ಹೋಗಲ್ಲ, ಕಮ್ಮಿಯಾಗುತ್ತೆ ಅಷ್ಟೆ. ಮಕ್ಕಳನ್ನು ಒಳಗೆ ಬಿಡಬೇಡಿ.

ಕಾಂಟ್ರಾಕ್ಟರ್‌ಗೆ ಫೋನ್ ಮಾಡಿ ಎಲ್ಲಾ ಹೇಳಿದೆವು. "ಫ್ಯಾನ್ ಚೆನ್ನಾಗೇ ಓಡ್ತಿದೆಯಲ್ಲ ಮೇಡಂ" ಅಂದರು. ಅವರು ಈಗ ಈ ಕಡೆ ಹೋಂಸ್ಟೇಗಳಿಗೂ ಇಂಥ ರೂಮ್ ಮಾಡಿಕೊಡುತ್ತಿದ್ದಾರೆ. ಫೈರ್‌ಪ್ಲೇಸ್ ಇಟ್ಟಿರುವ ಹೋಂಸ್ಟೇಯವರು ಇವತ್ತೇ ಕಿಟಕಿಗಳನ್ನೆಲ್ಲ ಮುಚ್ಚಿ, ಫ್ಯಾನ್ ಹಾಕಿ, ಊದುಬತ್ತಿ ಹಿಡಿದು ನೋಡಿ. ಹೊಗೆ ನಿಮ್ಮ ಕಡೆ ತಿರುಗಿದರೆ ಆ ಫ್ಯಾನಿನ ವೈರ್ ಬಿಚ್ಚಿಸಿಬಿಡಿ.